ಮುಂದಿನ ಜೋಡಿ

"ಮೇಸ್ತ್ರಿಗಳೇ, ಗಿರಾಕಿ ತಾನೇ ಕೂತು ಟ್ರಯಲ್ ನೋಡಿ, ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಿದ ಮೇಲೆ ನಮ್ಮ ಕೆಲಸ ಮುಗೀತು ತಾನೇ?"

ಕೇಳಿದವನು ತಿಮ್ಮರಾಯಿ. ಮೌನಾಚಾರಿಯ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ಸ್ಪ್ಯಾನರ್ ಹಿಡಿದಿದ್ದ. ಅಲ್ಲೇ ಕೆಲಸ ಕಲಿತ, ಅಲ್ಲಿಂದಲೇ ಹೋಗಿ ಮದುವೆಯಾದ, ಎರಡು ಮಕ್ಕಳ ತಂದೆಯೂ ಆದ. ಬರೋ ಸೋಮವಾರ ಬೈಪಾಸ್ ಪಕ್ಕ ತನ್ನದೇ ಗ್ಯಾರೇಜ್ ತೆಗೆಯೋನಿದ್ದ. ಹೋಗೋ ಮುಂಚೆ ಗುರುವಿನ ಬಾಯಿಂದ ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದಿದ್ದ. ಅವನಿಗೆ ಬೇಕಾಗಿದ್ದದ್ದು ಒಂದು 'ಹೂಂ', ಅಷ್ಟೇ. ಆದರೆ ಮೌನಾಚಾರಿ ಬರೀ ಹೂಂ ಅಂದು ಸುಮ್ಮನಾಗಿದ್ದನ್ನ ಆ ಊರಲ್ಲಿ ಯಾರೂ ಕಂಡಿಲ್ಲ. ಆ ಹೆಸರಿಟ್ಟ ಪುಣ್ಯಾತ್ಮ ಕೂಸಿನ ಬಾಯಿ ನೋಡದೇ ಇಟ್ಟಿರಬೇಕು.

ಮೇಸ್ತ್ರಿ ಕೈಯ ಗ್ರೀಸನ್ನ ಹಳೇ ಬನಿಯನ್ನಿಗೆ ಒರೆಸಿಕೊಂಡ. ಒಂದು ಟೈರಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚಿದ.

"ಒಬ್ಬ ಪಾತ್ರೆ ವ್ಯಾಪಾರಿ ಇದ್ದ," ಅಂದ.

ತಿಮ್ಮರಾಯಿ ಇನ್ನೊಂದು ಟೈರು ಎಳ್ಕೊಂಡು ಕೂತ. ಹೊತ್ತು ಹೋಗುತ್ತೆ ಅಂತ ಅವನಿಗೆ ಗೊತ್ತು.

ಆ ವ್ಯಾಪಾರಿ ಊರಲ್ಲಿ ಒಂದು ಬೀದಿ ಇತ್ತು. ಆಸ್ಪತ್ರೆಗೆ ಹೋಗೋಕೆ ಅದೊಂದೇ ದಾರಿ. ಬೀದಿ ಅಂತ ಕರೀತಿದ್ದದ್ದು ಕಂದಾಯ ವಸೂಲಿಗೆ ಬರೋರು ಮಾತ್ರ. ಅಲ್ಲಿನ ಹೆಂಗಸರು ಮಜ್ಜಿಗೆ ಕಡೀತಾ ಇರ್ಲಿಲ್ಲ. ಮೊಸರಿನ ಪಾತ್ರೆನ ಆಟೋದಲ್ಲಿಟ್ಟು ಆ ತುದಿವರೆಗೂ ಕಳಿಸಿ, ವಾಪಸ್ ಬಂದಾಗ ಬೆಣ್ಣೆ ತೆಗೀತಿದ್ರು. ಮಳೆಗಾಲದಲ್ಲಿ ಅಲ್ಲಿ ಒಂದು ಗುಂಡಿಗೆ ಇಳಿದ ಎಮ್ಮೆ, ಬೇಸಿಗೇಲಿ ಕರು ಸಮೇತ ಮೇಲೆ ಬಂತು.

"ಎಮ್ಮೆನಾ?" ಅಂದ ತಿಮ್ಮರಾಯಿ.

"ಕತೆ ನಿಂದೋ ನಂದೋ?"

"ನಿಮ್ದೇ."

"ಹಾಗಾದ್ರೆ ಎಮ್ಮೆನೂ ನಂದೇ. ಸುಮ್ನೆ ಕೂತ್ಕೋ."

ವ್ಯಾಪಾರಿಗೆ ಹೆಂಡತಿ ಒಬ್ಬಳೇ, ಮಕ್ಕಳಿಲ್ಲ. ಒಂದು ದಿನ ಮದುವೆ ಮನೆಯೋರು ಅಂಗಡಿಗೆ ಬಂದು ದೊಡ್ಡ ಹಂಡೆ ಬೇಕು ಅಂದ್ರು. ಅದು ಅಟ್ಟದ ಮೇಲಿತ್ತು. ವ್ಯಾಪಾರಿ ಗಿರಾಕಿ ಮುಂದೆ ಕೂತಲ್ಲಿಂದಲೇ, "ಲೇ, ಹಂಡೆ ಇಳಿಸೇ" ಅಂತ ಕೂಗಿದ. ಆಕೆ ಏಣಿ ಹತ್ತಿದ್ಲು. ಹಂಡೆನೂ ಬಿತ್ತು, ಆಕೆನೂ ಬಿದ್ಲು. ಹಂಡೆಗೆ ಏನೂ ಆಗಿರ್ಲಿಲ್ಲ.

ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ ನೋಡಿದ್ರು. "ಬೆನ್ನುಮೂಳೆಲಿ ಬಿರುಕು ಬಿಟ್ಟಿದೆ. ಆಪರೇಷನ್ ಬೇಡ, ತಾನೇ ಕೂಡ್ಕೊಳ್ಳುತ್ತೆ. ಆರು ತಿಂಗಳು ವಾರಕ್ಕೊಂದ್ಸಲ ಕರ್ಕೊಂಡು ಬನ್ನಿ. ಆದ್ರೆ ಒಂದು ಮಾತು. ಕುಲುಕಾಟ ಆಗಬಾರದು, ಏಟು ಬೀಳಬಾರದು. ಆ ಮೂಳೆ ಜರುಗಿದ್ರೆ ಕಾಲು ಹೋಗುತ್ತೆ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ" ಅಂದ್ರು.

ವ್ಯಾಪಾರಿಗೆ ಹೆಂಡತಿ ಮೇಲೆ ಪ್ರೀತಿ ಇರ್ಲಿಲ್ಲ ಅಂತ ಅಂದ್ಕೋಬೇಡ. ಇತ್ತು. ಕತೆ ಕೆಟ್ಟಿದ್ದೇ ಅದರಿಂದ.

ಅವನ ಹತ್ರ ಒಂದು ಹಳೇ ಕಾರಿತ್ತು. ಸ್ಟ್ರಟ್ ನಾಲ್ಕೂ ಕಡೆ ಸತ್ತೋಗಿತ್ತು. ಸ್ಟ್ರಟ್ ಅಂದ್ರೇನು ಅಂತ ನಿನಗೆ ಹೇಳ್ಬೇಕಾಗಿಲ್ಲ. ಸ್ಪ್ರಿಂಗಿನ ಹೊಟ್ಟೆಯೊಳಗೆ ನಿಂತು, ಚಕ್ರ ತಿಂದ ಏಟನ್ನ ಸೀಟಿಗೆ ಮುಟ್ಟಿಸದೇ ತಾನೇ ನುಂಗೋ ಕೊಳವೆ. ಅವನ ಗಾಡೀಲಿ ಅದು ಎಣ್ಣೆ ಕಾರಿ, ಏನೂ ನುಂಗದೇ ಎಲ್ಲಾನೂ ಮೇಲಕ್ಕೆ ಕಕ್ತಿತ್ತು. ಹಿಂದಿನ ಸೀಟಿಗೆ ಹಾಸಿಗೆ ಹಾಸಿ, ಎರಡು ದಿಂಬಿಟ್ಟು, ಹೆಂಡತೀನ ಮಲಗಿಸ್ಕೊಂಡು ಹೊರಡ್ತಿದ್ದ. ಗುಂಡಿ ಬಂದ್ರೆ ಮುಂದೆ ಇವನು "ಅಯ್ಯೋ" ಅಂತಿದ್ದ, ಹಿಂದೆ ಆಕೆ "ಅಯ್ಯೋ" ಅಂತಿದ್ಲು. ಎರಡೂ ಒಂದೇ ಗಳಿಗೇಲಿ ಬರ್ತಿತ್ತು. ತನ್ನ ಸೊಂಟನೂ ನೆಗೆದು ಬೀಳುತ್ತಲ್ಲ, ಅದಕ್ಕೇ ಅವನು ಇರುವೆ ಹೋದ ಹಾಗೆ ಹೋಗ್ತಿದ್ದ. ಹಿಂದಿನ ಗಾಡಿಯೋರು ಹಾರ್ನ್ ಒತ್ತಿ ಒತ್ತಿ ಬ್ಯಾಟರಿ ಇಳಿಸ್ಕೊಳ್ತಿದ್ರು. ಸೈಕಲ್‌ನೋರು ಮುಂದೆ ಹೋಗ್ತಿದ್ರು. ಒಂದ್ಸಲ ಬಾತುಕೋಳಿ ಹಿಂಡೊಂದು ಪಕ್ಕದಲ್ಲೇ ನಡ್ಕೊಂಡು ಬಂದು, ಬೇಜಾರಾಗಿ ದಾಟಿ ಹೋಯ್ತು.

ಎರಡು ತಿಂಗಳಿಗೆ ಡಾಕ್ಟರು, "ಪರವಾಗಿಲ್ಲ, ಮೂಳೆ ಕೂಡ್ಕೊಳ್ತಾ ಇದೆ" ಅಂದ್ರು.

ಆದ್ರೂ ವ್ಯಾಪಾರಿಗೆ ಸಮಾಧಾನ ಇಲ್ಲ. ಹೆಂಡತಿ ಇನ್ನೂ ಹಾಯಾಗಿ ಹೋಗಿ ಬರಬೇಕು. ಅವನ ಸೊಂಟನೂ ಹಿಡ್ಕೊಂಡಿತ್ತು. ಅದನ್ನ ಯಾರಿಗೂ ಹೇಳ್ಲಿಲ್ಲ. ಗಾಡಿ ತಗೊಂಡು ಒಬ್ಬ ಮೇಸ್ತ್ರಿ ಹತ್ರ ಹೋದ.

"ಏನಾದ್ರೂ ಮಾಡಪ್ಪ, ಅವಳ ಬೆನ್ನಿಗೆ ಒಂಚೂರೂ ಏಟು ಬೀಳಬಾರದು. ಮೆತ್ತಗಿರೋದು ಯಾವುದಿದೆಯೋ ಅದನ್ನ ಹಾಕು."

ಮೇಸ್ತ್ರಿ ಮೂರು ತರದ ಸ್ಟ್ರಟ್ ತಂದು ಬೆಂಚಿನ ಮೇಲಿಟ್ಟ. ಒಂದು ಗ್ಯಾಸ್ ತುಂಬಿದ್ದು. ಇನ್ನೊಂದು ಗಾಡಿ ಕಂಪನಿದೇ. ಮೂರನೇದು ಬರೀ ಎಣ್ಣೇದು, ಒತ್ತಿದ್ರೆ ಹಾಗೇ ಒಳಗೆ ಹೋಗೋ ಅಂಥದ್ದು. ವ್ಯಾಪಾರಿ ಏನು ಮಾಡ್ದ ಗೊತ್ತಾ? ಮೂರನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟ. ಪಾತ್ರೆ ವ್ಯಾಪಾರಿಯಲ್ಲವಾ, ಕಂಚೋ ಹಿತ್ತಾಳೆಯೋ ಅಂತ ನಾದದಲ್ಲೇ ಹೇಳೋನು.

"ಯಜಮಾನ್ರೇ, ಇದು ಚೊಂಬಲ್ಲ" ಅಂದ ಮೇಸ್ತ್ರಿ.

"ಸುಮ್ನಿರಯ್ಯ. ಕೊಳ್ಳೋ ಮಾಲು ಯಾವುದಾದ್ರೂ ಏನು, ಮಾತಾಡಿಸಿ ನೋಡ್ಬೇಕು."

ಮೊದಲು ಗ್ಯಾಸ್‌ದು ಹಾಕಿಸ್ದ. ಅದು ಹೈವೇಲಿ ಗಟ್ಟಿಯಾಗಿ ನಿಲ್ಲುತ್ತೆ, ಗುಂಡೀಲಿ ಕತ್ತೆ ಒದ್ದ ಹಾಗೆ ಒದೆಯುತ್ತೆ. ಟ್ರಯಲ್‌ನಿಂದ ಬರೋ ಹೊತ್ತಿಗೆ ವ್ಯಾಪಾರಿ ಕಟ್ಟಿಸಿದ್ದ ಹಲ್ಲು ಕೈಗೆ ಬಂದಿತ್ತು. ಬಿಚ್ಚಿಸ್ದ. ಕಂಪನಿದು ಹಾಕಿಸ್ದ. ಪರವಾಗಿಲ್ಲ, ಆದ್ರೆ ಸಾಲದು. ಕೊನೆಗೆ ಎಣ್ಣೇದು ಹಾಕಿಸ್ದ. ಆಹಾ, ತೊಟ್ಟಿಲು! ಟ್ರಯಲ್ ಹೊರಟಾಗ ಮೇಸ್ತ್ರಿ ಸ್ಟೀರಿಂಗ್ ಹಿಡಿದಿದ್ದ, ವ್ಯಾಪಾರಿ ಪಕ್ಕದಲ್ಲಿ ಕೂತಿದ್ದ. ಬೀದಿಯ ಆ ತುದಿ ಮುಟ್ಟೋದ್ರೊಳಗೆ ವ್ಯಾಪಾರಿ ನಿದ್ದೆ ಹೋಗಿಬಿಟ್ಟಿದ್ದ. ಎಬ್ಬಿಸಿದ್ರೆ, "ಇದೇ, ಇದೇ" ಅಂದ.

"ನಾಲ್ಕಕ್ಕೂ ಹಾಕ್ದೆಯಾ?"

"ಮುಂದಿನ ಜೋಡಿ ಸಾಕು ಯಜಮಾನ್ರೇ. ಇಂಜಿನ್ ಭಾರ ಎಲ್ಲ ಮುಂದೇನೇ. ಹಿಂದಿಂದು ಬೇರೆ ತರ, ಇನ್ನೂ ಓಡುತ್ತೆ."

ಆ ಮೇಸ್ತ್ರಿ ಬೇಕಂತ ಸುಳ್ಳು ಹೇಳ್ಲಿಲ್ಲ ತಿಮ್ಮರಾಯಿ. ನಾವೆಲ್ಲ ಹೇಳೋದು ಅದನ್ನೇ. ಮುಂದಿನದು ಹೋದ್ರೆ ಮೂಲೆ ತಿರುಗುವಾಗ ಗೊತ್ತಾಗುತ್ತೆ, ಬ್ರೇಕ್ ಹಿಡಿದ್ರೆ ಗೊತ್ತಾಗುತ್ತೆ. ಟ್ರಯಲ್ ಹೋಗೋದು ಇಬ್ಬರು, ಕೂರೋದು ಮುಂದೆ. ನಾನು ನಲವತ್ತೆರಡು ವರ್ಷ ಈ ಕೆಲಸ ಮಾಡಿದೀನಿ. ಹಿಂದಿನ ಸೀಟಲ್ಲಿ ಕೂತು ಟ್ರಯಲ್ ನೋಡಿದ ಒಬ್ಬ ಮೇಸ್ತ್ರೀನ ಕಂಡಿಲ್ಲ.

ತಿಮ್ಮರಾಯಿ ತಲೆ ಕೆರ್ಕೊಂಡ. ಮೌನಾಚಾರಿ ಬಾಯಲ್ಲಿದ್ದದ್ದನ್ನ ಉಗಿದು ಬಂದು ಮುಂದುವರಿಸ್ದ.

ಅದೇ ವಾರ ವ್ಯಾಪಾರಿ ಹೆಂಡತೀನ ಮಲಗಿಸ್ಕೊಂಡು ಹೊರಟ. ಮೊದಲನೇ ಗುಂಡಿ ಬಂತು. ಅವನ ಸೊಂಟಕ್ಕೆ ಗೊತ್ತೇ ಆಗ್ಲಿಲ್ಲ. ಹಿಂದಿನಿಂದ ಒಂದು "ಅಯ್ಯೋ" ಬಂತು. ಅವನದ್ದು ಇರ್ಲಿಲ್ಲ, ಆಕೇದೊಂದೇ. ಅಭ್ಯಾಸಬಲ, ಪಾಪ, ಅಂದ್ಕೊಂಡ. ಗೊತ್ತಾಗದ ಗುಂಡಿಗೆ ಯಾರು ನಿಧಾನ ಮಾಡ್ತಾರೆ ಹೇಳು? ಕಾಲು ತಾನಾಗೇ ಒತ್ತಿತು. ಮುಂಚೆ ಮುಕ್ಕಾಲು ಗಂಟೆ ಹಿಡೀತಿದ್ದ ದಾರಿ ಕಾಲು ಗಂಟೇಲಿ ಮುಗೀತು.

ಮನೆಗೆ ಬಂದ ಮೇಲೆ ಆಕೆ ಹೇಳಿದ್ಲು. "ರೀ, ಹಿಂದೆ ಎತ್ತಿ ಹಾಕುತ್ತೆ ಕಣ್ರೀ."

ಅವನಿಗೆ ನೋವಾಯ್ತು. ಎಂಟು ದಿನ ಅಲೆದಾಡಿ ತಂದದ್ದಕ್ಕೆ ಇದಾ ಮಾತು? ಆದ್ರೂ ಗ್ಯಾರೇಜಿಗೆ ಹೋದ. ಮತ್ತೆ ಇಬ್ಬರೂ ಟ್ರಯಲ್ ಹೋದ್ರು, ಮತ್ತೆ ಮುಂದೇನೇ ಕೂತ್ರು. "ಏನೂ ಇಲ್ವಲ್ಲ ಯಜಮಾನ್ರೇ, ಬೆಣ್ಣೆ ಹೋದಂಗೆ ಹೋಗ್ತಿದೆ" ಅಂದ ಮೇಸ್ತ್ರಿ. "ನನಗೂ ಹಂಗೇ ಅನ್ಸುತ್ತೆ" ಅಂದ ವ್ಯಾಪಾರಿ. ಇಬ್ಬರ ಮಾತೂ ನಿಜ.

ಮುಂದಿನ ವಾರ ಆಕೆ ಮತ್ತೆ ಹೇಳಿದ್ಲು. "ಸ್ವಲ್ಪ ನಿಧಾನಕ್ಕೆ ಹೋಗ್ತೀರಾ? ಹಳೇದೇ ವಾಸಿ ಇತ್ತು."

ಇವನಿಗೆ ಸಿಟ್ಟು ಬಂತು. "ನಿನ್ನ ಬೆನ್ನಿಗೆ ಒಪ್ಪೋ ಗಾಡಿ ಇನ್ನೂ ಯಾರೂ ಮಾಡಿಲ್ಲ ಬಿಡು. ಮೇಸ್ತ್ರಿ ಕೂತು ನೋಡಿದಾನೆ, ನಾನು ಕೂತು ನೋಡಿದೀನಿ. ನಾವಿಬ್ಬರೂ ಕಿವುಡರು, ಕುರುಡರು, ಅಲ್ವಾ?"

ಅವಳು ಮೂರನೇ ಸಲ ಹೇಳ್ಲಿಲ್ಲ.

ಇವನು ಪೇಟೆ ಬೀದೀಲಿ ಹೇಳಿದ್ದೇ ಹೇಳಿದ್ದು. "ನೋಡ್ರಪ್ಪ, ಹೆಂಡತಿಗೋಸ್ಕರ ತೊಟ್ಟಿಲು ಮಾಡಿಸಿದೀನಿ. ಬೇಕಾದ್ರೆ ಕೂತು ನೋಡಿ." ಬಂದವರನ್ನೆಲ್ಲ ಮುಂದೆ ಕೂರಿಸಿಕೊಂಡು ಆ ಗುಂಡಿ ಬೀದೀಲಿ ಒಂದು ಸುತ್ತು ಹಾಕಿಸ್ದ. ಬಟ್ಟೆ ಅಂಗಡಿಯೋನು ಕೂತ. ಜ್ಯೋತಿಷ್ಯದೋನು ಕೂತು, ಆ ಗಾಡಿಗೆ ಗುರುಬಲ ಇದೆ ಅಂದ. ಇಳಿಯೋಕೆ ಒಪ್ಪದ ಒಬ್ಬ ಸಬ್ ಇನ್ಸ್‌ಪೆಕ್ಟರಿಗೆ ಅಲ್ಲೇ ಊಟ ತರಿಸಿಕೊಟ್ರಂತೆ. ಆ ಊರಲ್ಲಿ ಆ ಮುಂದಿನ ಸೀಟಲ್ಲಿ ಕೂರದೇ ಉಳಿದವರು ಇಬ್ಬರೇ. ಒಬ್ಬ ಸ್ಮಶಾನ ಕಾಯೋನು, ಇನ್ನೊಬ್ಬಳು ವ್ಯಾಪಾರಿಯ ಹೆಂಡತಿ.

ಕೂತು ಬಂದವರ ಮನೆ ಹೆಂಗಸರು ಆಕೇನ ನೋಡೋಕೆ ಬಂದು, "ಪುಣ್ಯ ಮಾಡಿದ್ದೆ ಕಣಮ್ಮ. ನಮ್ಮೋರು ನಮಗೆ ಒಂದು ಚಾಪೆ ಬದಲಾಯಿಸಿ ಕೊಡಲ್ಲ" ಅಂತಿದ್ರು. ಆಕೆ, "ಹೂಂ ಕಣ್ರಮ್ಮ" ಅಂತಿದ್ಲು. ಇನ್ನೇನು ಹೇಳ್ತಾಳೆ?

ಹಿಂದಿನಿಂದ ಬರ್ತಿದ್ದ ಆ ಒಂದು "ಅಯ್ಯೋ" ಕೂಡ ನಿಂತುಹೋಯ್ತು. ಆಕೆ ಸೆರಗಿನ ತುದಿ ಬಾಯಿಗೆ ತುರುಕ್ಕೊಂಡು ಮಲಗ್ತಿದ್ಲು. ಕನ್ನಡೀಲಿ ಅವನಿಗೆ ದಿಂಬು ಮಾತ್ರ ಕಾಣ್ತಿತ್ತು. ವಾಸಿಯಾಯ್ತು ಅಂದ್ಕೊಂಡ.

ಒಂದು ವಾರ ಆಕೆ, "ಈ ಸಲ ಆಸ್ಪತ್ರೆ ಬೇಡ ಕಣ್ರೀ, ನನಗೆ ಹುಷಾರಾಗಿದೆ" ಅಂದ್ಲು. ಆಮೇಲಿನ ವಾರನೂ ಹಾಗೇ ಅಂದ್ಲು. ವ್ಯಾಪಾರಿ ಓಡಿಹೋಗಿ ಮೇಸ್ತ್ರಿಗೆ ಮೈಸೂರುಪಾಕಿನ ಡಬ್ಬ ಕೊಟ್ಟು ಬಂದ. "ಡಾಕ್ಟರು ಆರು ತಿಂಗಳು ಅಂದಿದ್ರು, ನೀನು ನಾಲ್ಕಕ್ಕೇ ವಾಸಿ ಮಾಡ್ದೆ" ಅಂದ. ಮೇಸ್ತ್ರಿ ಡಬ್ಬ ಇಸ್ಕೊಂಡ.

ಅದಾದ ಹತ್ತನೇ ದಿನ. ಬೆಳಿಗ್ಗೆ ಕಾಫಿ ಕೊಡೋ ಹೊತ್ತಲ್ಲಿ ಆಕೆ ಮಂಚದಿಂದ ಕಾಲು ಕೆಳಗಿಡೋಕೆ ನೋಡಿದ್ಲು. ಕಾಲು ಬರ್ಲಿಲ್ಲ.

"ರೀ," ಅಂದ್ಲು. "ಕಾಲು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ."

ಅವತ್ತು ಆಕೆಯ ತಮ್ಮ ಊರಿಂದ ಬಂದಿದ್ದ. ಇಬ್ಬರೂ ಸೇರಿ ಎತ್ತಿ ಹಿಂದಿನ ಸೀಟಲ್ಲಿ ಮಲಗಿಸಿದ್ರು. ಮೈ ತನ್ನಷ್ಟಕ್ಕೆ ನಿಲ್ತಾ ಇರ್ಲಿಲ್ಲ. ಯಾರಾದ್ರೂ ಹಿಡ್ಕೊಂಡೇ ಕೂರಬೇಕು. ತಮ್ಮ ಸ್ಟೀರಿಂಗ್ ಹಿಡಿದ. ವ್ಯಾಪಾರಿ ಹೆಂಡತಿ ತಲೇನ ತೊಡೆ ಮೇಲಿಟ್ಕೊಂಡು ಹಿಂದೆ ಕೂತ. ಅವನ ಗಾಡೀಲಿ ಅವನು ಹಿಂದೆ ಕೂತದ್ದು ಅದೇ ಮೊದಲು.

ಬೀದಿ ಶುರುವಾಯ್ತು.

ಮೊದಲನೇ ಗುಂಡಿಗೆ ಅವನ ತಲೆ ಹೋಗಿ ಟಾಪಿಗೆ ಬಡೀತು. ಕಣ್ಣಲ್ಲಿ ನೀರು ಬಂತು. ಏನಾಯ್ತು ಅಂತ ಗೊತ್ತಾಗೋದ್ರೊಳಗೆ ಎರಡನೇದು. ಹೆಂಡತಿ ಮೈ ಸೀಟಿಂದ ಎದ್ದು, ಗಾಳೀಲಿ ಒಂದು ಗಳಿಗೆ ನಿಂತು, ಧೊಪ್ ಅಂತ ಬಿತ್ತು. ಅವನು ಎರಡೂ ಕೈಯಲ್ಲಿ ಒತ್ತಿ ಹಿಡ್ಕೊಂಡ. ಹಿಡಿದ ಕೈ ಸಮೇತ ಮೇಲೆ ಹೋಯ್ತು.

"ನಿಧಾನ ಕಣೋ! ನಿಧಾನ!"

ಬಾಮೈದ ತಿರುಗಿ ನಕ್ಕ. "ಯಾಕೆ ಭಾವ, ನಿಮ್ಮ ಗಾಡಿ ಮೇಲೆ ನಿಮಗೇ ನಂಬಿಕೆ ಇಲ್ವಾ? ಊರೆಲ್ಲ ಹೇಳ್ತಿದ್ದದ್ದು ಸುಳ್ಳಲ್ಲ ಬಿಡಿ. ಏನ್ ಹಾಯಾಗಿದೆ! ಇಲ್ಲಿ ಗುಂಡಿ ಇದೆ ಅಂತಾನೇ ಗೊತ್ತಾಗ್ತಿಲ್ಲ."

ಆಕೆ ಕಣ್ಣು ಮುಚ್ಚಿದ್ಲು. ಕಣ್ಣು ಬಿಡದೇ ಹೇಳಿದ್ಲು, "ಹುರಿಗಡಲೆ ವಾಸನೆ ಬಂತಾ? ಈಗ ಜೋಡಿ ಗುಂಡಿ ಬರುತ್ತೆ. ಮೇಲೆ ಹಿಡಿ ಇದೆಯಲ್ಲ, ಅದನ್ನ ಹಿಡ್ಕೊಳ್ಳಿ."

ಜೋಡಿ ಗುಂಡಿ ಬಂತು.

"ನಾಲಿಗೆ ಒಳಗಿಟ್ಕೊಳ್ಳಿ. ವೆಲ್ಡಿಂಗ್ ಸದ್ದು ಕೇಳಿದ್ಮೇಲೆ ಎಡಗಡೆ ಒಂದಿದೆ, ಅದಕ್ಕೆ ಹಲ್ಲು ಕಚ್ಚುತ್ತೆ."

ವೆಲ್ಡಿಂಗ್ ಸದ್ದು ಕೇಳ್ತು. ಎಡಗಡೆ ಒಂದು ಬಂತು.

ಆ ಬೀದೀನ ಮಾಡ್ದ ದೇವರಿಗೂ ಅಷ್ಟು ಚೆನ್ನಾಗಿ ಅದರ ಲೆಕ್ಕ ಗೊತ್ತಿರಲಿಕ್ಕಿಲ್ಲ. ಮಲಗಿದಲ್ಲೇ, ಮೂಗಲ್ಲಿ, ಕಿವೀಲಿ, ಆಕೆ ಒಂದೊಂದು ಗುಂಡೀನೂ ಕಲಿತಿದ್ಲು. ಅವನಿಗೆ ಹೇಳಿಕೊಡ್ತಾ ಹೋದ್ಲು. ಅವನಿಗೆ ಏಟಾಗಬಾರದಲ್ಲ.

"ಯಾಕೇ ಹೇಳ್ಲಿಲ್ಲ ನೀನು?" ಅಂದ ಅವನು.

"ಹೇಳಿದ್ದೆ," ಅಂದ್ಲು. ಸಿಟ್ಟಿರ್ಲಿಲ್ಲ. ಅಡುಗೆಗೆ ಉಪ್ಪು ಹಾಕಿದ್ದೆ ಅಂತ ಹೇಳೋ ಹಾಗೆ ಹೇಳಿದ್ಲು. "ಹಿಡ್ಕೊಳ್ಳಿ, ಇನ್ನೊಂದಿದೆ."

ಡಾಕ್ಟರು ಹೊಸ ಫೋಟೋನೂ ಹಳೇ ಫೋಟೋನೂ ಪಕ್ಕ ಪಕ್ಕ ಹಿಡಿದು ಬೆಳಕಿಗೆ ನೋಡಿದ್ರು. "ಎರಡು ತಿಂಗಳಿಗೆ ಚೆನ್ನಾಗಿ ಕೂಡ್ಕೊಂಡಿತ್ತು. ಆಮೇಲೆ ಏಟು ತಿಂದಿದೆ, ಒಂದ್ಸಲ ಅಲ್ಲ, ತುಂಬಾ ಸಲ. ಮನೇಲಿ ಬಿದ್ರಾ?" ಅಂದ್ರು.

"ಇಲ್ಲ ಸ್ವಾಮಿ. ನೆಲಕ್ಕೆ ಕಾಲಿಡೋಕೂ ಬಿಟ್ಟಿಲ್ಲ. ಕಾರಲ್ಲೇ ಕರ್ಕೊಂಡು ಬರ್ತಿದ್ದೆ." ಅದರ ಮೇಲೆ ಇನ್ನೇನೋ ಹೇಳೋಕೆ ಹೊರಟ. ಯಾವ ಸ್ಟ್ರಟ್ ಹಾಕಿಸಿದ್ದೆ ಅಂತ ಹೇಳೋಕೇ ಇರಬೇಕು.

"ಕಾಲು ಇನ್ನು ಬರಲ್ಲ," ಅಂದ್ರು ಡಾಕ್ಟರು.

ವಾಪಸ್ ಬರುವಾಗ ವ್ಯಾಪಾರಿ ಬಾಮೈದನ ಕೈಯಿಂದ ಕೀ ಕಿತ್ಕೊಂಡು ಜೇಬಲ್ಲಿ ಹಾಕ್ಕೊಂಡ. ತರಕಾರಿ ಮಾರೋನ ತಳ್ಳೋ ಗಾಡಿ ಕೇಳಿ ಇಸ್ಕೊಂಡು, ಅದರ ಮೇಲೆ ಹಾಸಿಗೆ ಹಾಸಿ, ಹೆಂಡತೀನ ಮಲಗಿಸಿ, ತಾನೇ ತಳ್ಕೊಂಡು ಬಂದ. ಒಂದೊಂದು ಗುಂಡಿ ಹತ್ರನೂ ನಿಂತು, ಬಗ್ಗಿ ನೋಡಿ, ಪಕ್ಕಕ್ಕೆ ತಿರುಗಿಸಿ, ಮುಂದೆ ಹೋದ. ಬೆಳಿಗ್ಗೆ ಹೊರಟವನು ಮನೆ ಸೇರುವಾಗ ಸಂಜೆ ಐದಾಗಿತ್ತು. ಒಂದು ಸಲನೂ ಆಕೆ ಕುಲುಕಲಿಲ್ಲ. ಬೀದಿಯೋರು ಬಾಗಿಲಿಗೆ ಬಂದು ನಿಂತು ನೋಡಿದ್ರು. ಮುಂದಿನ ಸೀಟಲ್ಲಿ ಕೂತವರೇ ಎಲ್ಲಾ.

ಮೌನಾಚಾರಿ ನಿಲ್ಲಿಸ್ದ. ಎಲೆ ಮಡಿಚೋಕೆ ಕೈಗೆ ತಗೊಂಡಿದ್ದ, ಹಾಗೇ ಹಿಡ್ಕೊಂಡಿದ್ದ. ಎಮ್ಮೆ ಕತೆ ಹೇಳುವಾಗ ಇದ್ದ ಮುಖ ಅಲ್ಲ ಅದು.

ತಿಮ್ಮರಾಯಿ ಮೆಲ್ಲಗೆ ಕೇಳ್ದ. "ಆಮೇಲಾದ್ರೂ ಹಿಂದಿನ ಜೋಡಿ ಹಾಕಿಸ್ದನಾ ಮೇಸ್ತ್ರಿಗಳೇ?"

"ಹಾಕಿಸ್ದ ಕಣೋ, ಹಾಕಿಸಿ, ಈ ಸಲ ನೀನು ಕೂತು ಟ್ರಯಲ್ ನೋಡು ಬಾ ಅಂತ ಮಂಚದ ಹತ್ರ ಹೋಗಿ ಕರೆದ್ರೆ, ಆಕೆ ಗೋಡೆ ಕಡೆ ಮುಖ ತಿರುಗಿಸ್ಕೊಂಡು, 'ನೀವು ನೋಡಿದ್ರೆ ಆಯ್ತಲ್ಲ' ಅಂದ್ಲು."